ಹಾಲು ಉಕ್ಕಿಸಿದ ಗಾಡಿ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣಕ್ಕೆಲ್ಲ ಕಾರಣ ನನ್ನ ಬಾಲ್ಕನಿ. ತಾರ್ನಾಕದ ನಮ್ಮ ಕಟ್ಟಡದಲ್ಲಿ ಎರಡನೆಯ ಮಹಡಿ ನನ್ನದು. ಬಾಲ್ಕನಿಯಲ್ಲಿ ಸ್ಟೂಲು ಹಾಕಿ ಹತ್ತಿ, ಎಡಗೈಯಲ್ಲಿ ಗ್ರಿಲ್ ಹಿಡಿದುಕೊಂಡು, ಎದುರು ಮನೆಯವರ ನೀರಿನ ಟ್ಯಾಂಕಿನ ಬಲಮಗ್ಗುಲಿಗೆ ಕತ್ತು ಚಾಚಿದರೆ ದೂರದಲ್ಲೊಂದು ಕೆರೆಯ ಮೂಲೆ ಕಾಣುತ್ತದೆ. ಬೇಸಿಗೆಯಲ್ಲಿ ಕಾಣುವುದಿಲ್ಲ, ಆಗ ಆ ಮೂಲೆಯಲ್ಲಿ ನೀರೇ ಇರುವುದಿಲ್ಲ. ಆದರೂ ನಾನು ನನ್ನ ಮನೆಯನ್ನು ‘ಲೇಕ್ ವ್ಯೂ’ ಎಂದು ಕರೆಯುತ್ತೇನೆ. ಯೂನಿವರ್ಸಿಟಿಯ ಪರೀಕ್ಷಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದವನಿಗೆ ಅಷ್ಟೂ ಹಕ್ಕಿಲ್ಲವೇ?

ಇದನ್ನು ಸಹಿಸಲಾರದವನು ಕೆಳಮನೆಯ ಮೌನಪ್ಪ. ಅವನ ಕಿಟಕಿಯಿಂದ ಕಾಣುವುದು ನನ್ನ ಸ್ಕೂಟರು. ಯಾದಗಿರಿ ಕಡೆಯವನು, ನಾಚಾರಂನಲ್ಲಿ ತೂಕದ ಯಂತ್ರ ಮಾಡುವ ಕಾರ್ಖಾನೆಯಲ್ಲಿ ತಪಾಸಣೆ ಮಾಡುತ್ತಿದ್ದು ನಿವೃತ್ತನಾದವನು. ಯಂತ್ರದಲ್ಲಿ ಗುಲಗಂಜಿಯಷ್ಟು ತಪ್ಪಿದ್ದರೂ ಹಿಡಿಯುತ್ತಿದ್ದನಂತೆ, ಆದರೆ ತನ್ನ ಮಾತಿಗೆ ಮಾತ್ರ ಅವನಲ್ಲಿ ತಕ್ಕಡಿ ಇಲ್ಲ. ಒಂದು ಸಂಜೆ ನಾನು ಅವನ ಮನೆಯಲ್ಲಿ ಚಹಾ ಕುಡಿಯುತ್ತ, “ಇವತ್ತ ನಮ್ಮ ಲೇಕಿಗೆ ಎರಡು ಕೊಕ್ಕರೆ ಬಂದಿದ್ವು ನೋಡಪಾ” ಎಂದೆ. ಅಷ್ಟೇ ಅಂದದ್ದು.

ಮೌನಪ್ಪ ಕಪ್ಪು ಕೆಳಗಿಟ್ಟ. “ಕೆರಿ ಏನ್ ನೋಡತೀಯೋ ರಾಮದಾಸ. ನಾ ಶಾರದಾಗ ಸಮುದ್ರ ತೋರಸಾಂವ ಇದ್ದೀನಿ.”

ಒಳಗಿನಿಂದ ಅವನ ಹೆಂಡತಿ ಶಾರದಾಬಾಯಿಯ ದನಿ ಬಂತು. “ಮೂವತ್ನಾಕ ವರ್ಷದಿಂದ ತೋರಸಾಕತ್ತೀರಿ. ಇನ್ನೂ ಕಂಡಿಲ್ಲ.”

ಇದು ನಿಜ. ಮದುವೆಯಾದ ವರ್ಷ ಮೌನಪ್ಪ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ಮುಷ್ಕರ, ಒಂದು ವರ್ಷ ಬಾಣಂತನ, ಒಂದು ವರ್ಷ ಮಗಳ ಹತ್ತನೆಯ ತರಗತಿ, ಹೀಗೆ ಸಮುದ್ರ ಮುಂದಕ್ಕೆ ಹೋಗುತ್ತಲೇ ಇತ್ತು. ನಡುವೆ ಮಹಿಳಾ ಮಂಡಳದವರು ವಿಶಾಖಪಟ್ಟಣಕ್ಕೆ ಹೊರಟಾಗ ನನ್ನ ಹೆಂಡತಿ ವಾಸಂತಿ ಎಷ್ಟು ಕರೆದರೂ ಶಾರದಾಬಾಯಿ ಹೋಗಲಿಲ್ಲ. “ನೋಡೂದಾದ್ರ ಇಬ್ಬರೂ ಕೂಡೇ, ಕಾಲಿಡೂದಾದ್ರ ಇಬ್ಬರೂ ಕೂಡೇ. ಒಬ್ಬಾಕಿ ನಾ ಒಲ್ಲೆ” ಎಂದುಬಿಟ್ಟರು. ಈ ಹಟದ ಬಗ್ಗೆ ನನಗೆ ಒಳಗೊಳಗೇ ಬಹಳ ಗೌರವವಿದೆ. ವಾಸಂತಿ ನನ್ನನ್ನು ಬಿಟ್ಟು ಹೋಗಿ, ಸಮುದ್ರ ನೋಡಿ, ಮಿಠಾಯಿ ತಂದಳು.

ಮರುದಿನ ಮೌನಪ್ಪ ನಾಚಾರಂನ ವಿಶ್ವಜಿತ್ ಎಂಬುವನ ಶೆಡ್ಡಿಗೆ ಹೋಗಿ ಒಂದು ಕ್ಯಾರವಾನ್ ಬಾಡಿಗೆಗೆ ಗೊತ್ತು ಮಾಡಿಕೊಂಡು ಬಂದ. ಹಳೆಯ ಟೆಂಪೋ ಟ್ರಾವೆಲರಿನ ಹೊಟ್ಟೆಯೊಳಗೆ ಮಂಚ, ಒಲೆ, ಸಿಂಕು, ಬಚ್ಚಲು ಎಲ್ಲ ಕೂಡಿಸಿದ ಗಾಡಿ. ಗುರುವಾರ ತೆಗೆದುಕೊಂಡು ಮುಂದಿನ ಬುಧವಾರ ಸಂಜೆಯೊಳಗೆ ತಿರುಗಿ ಕೊಡಬೇಕು. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನು ಮೌನಪ್ಪ ಹೇಗಾದಾನು? ವಿಶ್ವಜಿತ್‌ನ ಜಾಹೀರಾತಿನಲ್ಲಿದ್ದ ಒಂದು ಚಿತ್ರವನ್ನು, ಅಂದರೆ ಕಿಟಕಿ, ಕಿಟಕಿಯಾಚೆ ನೀಲಿ ಸಮುದ್ರ ಇದ್ದದ್ದನ್ನು, ತಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದ: ‘ಸಮುದ್ರದ ದಂಡೆಯಲ್ಲಿ ನಮ್ಮ ಹೊಸ ಮನೆ. ಕಿಟಕಿಯಿಂದ ಕಾಣುವ ನೋಟ. ಗುರುವಾರ ಪ್ರಯಾಣ.’ ಆ ಗುಂಪಿನಲ್ಲಿ ಅರವತ್ಮೂರು ಜನ. ನಾನೂ ಇದ್ದೇನೆ, ಯಾವುದೋ ಮದುವೆಯ ಹೊತ್ತಿಗೆ ತಪ್ಪಿ ಸೇರಿಸಿದವರು ತೆಗೆಯಲು ಮರೆತಿದ್ದಾರೆ. ಆ ಮಾತು ನನಗಾಗಿಯೇ ಬರೆದದ್ದು ಎಂಬುದರಲ್ಲಿ ಸಂಶಯವಿರಲಿಲ್ಲ.

ನನಗೆ ತಾಗಬೇಕಾದದ್ದು ಕಾಚಿಗೂಡಕ್ಕೆ ತಾಗಿತು. ನಮ್ಮ ಊರಿನಲ್ಲೇ ಇರುವ ಆ ಬಡಾವಣೆಯಲ್ಲಿ ಮೌನಪ್ಪನ ಅಕ್ಕ ಗದಿಗೆಮ್ಮ ಇದ್ದಾರೆ. ವಯಸ್ಸು ಎಪ್ಪತ್ತನಾಲ್ಕು. ಆ ಮನೆತನದಲ್ಲಿ ಯಾವ ಕಾರ್ಯಕ್ಕೆ ಎಷ್ಟು ಎಲೆ, ಎಷ್ಟು ಅಡಿಕೆ, ಯಾವ ದಿಕ್ಕಿಗೆ ಮುಖ ಎಂಬುದಕ್ಕೆಲ್ಲ ಅವರದೇ ಕೊನೆಯ ತೀರ್ಪು. ಓದು ಬರಹ ಬಾರದ ಅವರಿಗೆ ಯಾರೋ ಸಂದೇಶ ಓದಿ ಹೇಳಿದರು. ಕೂಡಲೇ ಫೋನು ಬಂತು. ಮೌನಪ್ಪನ ಫೋನಿನ ದನಿ ಯಾವಾಗಲೂ ಇಡೀ ಕಟ್ಟಡಕ್ಕೆ ಕೇಳುವಂಥದ್ದಾದ್ದರಿಂದ ನಾನು ಕದ್ದು ಕೇಳಿದೆನೆಂದು ಯಾರೂ ಹೇಳುವಂತಿಲ್ಲ.

“ಮೌನ್ಯಾ, ಮನಿ ತಗೊಂಡೀಯಂತ. ಒಂದ ಮಾತು ಹೇಳಬೇಕನ್ನಿಸಲಿಲ್ಲ?”

“ತಗೊಂಡಿಲ್ಲಕ್ಕಾ, ಬಾಡಿಗಿದು.”

“ಬಾಡಿಗಿ ಆದ್ರೇನು? ಹಾಲು ಉಕ್ಕಸಬ್ಯಾಡೇನು? ಎಲ್ಲೈತಿ ಮನಿ?”

“ಗುರುವಾರ ಮುಂಜಾನೆ ಇಲ್ಲೇ ನಮ್ಮ ಬಾಗಿಲಿಗೆ ಬರತೈತಿ.”

“ಮನಿ ಬರತೈತಿ?”

“ಹೂಂ ಅಕ್ಕಾ.”

“ಹಂಗಾದ್ರ ನಾನೂ ಬರತೀನಿ.”

ಗುರುವಾರ ಮುಂಜಾನೆ ಎಂಟಕ್ಕೆ ಮನೆ ಬಂತು. ಅದರ ಹಿಂದೆಯೇ ಆಟೋದಲ್ಲಿ ಗದಿಗೆಮ್ಮ ಬಂದರು. ಕೈಯಲ್ಲಿ ಹಾಲಿನ ಪಾತ್ರೆ, ತೆಂಗಿನಕಾಯಿ, ಮಾವಿನ ತೋರಣ, ಒಂದು ಚೀಲ ಶೇಂಗಾ ಹೋಳಿಗೆ. ಕಟ್ಟಡದವರೆಲ್ಲ ಕೆಳಗಿಳಿದೆವು. ಗಾಡಿ ನೋಡಿ ಅಕ್ಕ ಬೆಚ್ಚಿ ಬಿದ್ದಾರು, ತಮ್ಮನಿಗೆ ನಾಲ್ಕು ಮಾತು ಬಿಗಿದಾರು ಎಂದು ನಾನು ಆಸೆಯಿಂದಲೇ ನಿಂತಿದ್ದೆ. ಗದಿಗೆಮ್ಮ ಬೆಚ್ಚಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದರು. ಟೈರು ಮುಟ್ಟಿ ನೋಡಿದರು. ಒಳಗೆ ಇಣುಕಿದರು.

ನಾನು ಸುಮ್ಮನಿರಬೇಕಿತ್ತು. “ಅಕ್ಕಾರ, ಇದು ಗಾಡಿರಿ. ಗಾಲಿ ಕೆಳಗ ನಿಂಬೆಹಣ್ಣ ಇಟ್ಟು ಹಾಯಿಸಿದ್ರ ಮುಗೀತು. ಹಾಲ ಉಕ್ಕಸೂದು ಮನಿಗೆ” ಎಂದೆ.

ಅವರು ನನ್ನ ಕಡೆ ತಿರುಗಿದರು. “ಒಲಿ ಐತೇನು?”

“ಐತ್ರಿ.”

“ಮಲಗಾಕ ಜಾಗಾ?”

“ಐತ್ರಿ.”

“ಹೊಸ್ತಿಲ?”

ನಾನು ನೋಡಿದೆ. ಬಾಗಿಲ ಬುಡದಲ್ಲಿ ಅಲ್ಯೂಮಿನಿಯಂ ಪಟ್ಟಿ ಹೊಡೆದ ಮೆಟ್ಟಿಲೊಂದಿತ್ತು. “ಐತ್ರಿ” ಎಂದೆ.

“ಮತ್ತ ಮನಿಗೆ ಇನ್ನೇನ್ ಕೋಡ ಇರತಾವೇನು?”

ಪ್ರಶ್ನೆ ಮುಗಿಯಿತು. ಅಲ್ಯೂಮಿನಿಯಂ ಹೊಸ್ತಿಲಿಗೆ ಅರಿಶಿನ ಕುಂಕುಮ ಬಿತ್ತು, ಬಾಗಿಲಿಗೆ ತೋರಣ ಬಂತು. ಯಾರ ಮಾತೂ ಬೀಳಬಾರದೆಂದು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣನ್ನೂ ಇಟ್ಟರು. ಒಳಗಿನ ಪುಟ್ಟ ಒಲೆಯ ಮೇಲೆ ಹಾಲು ಉಕ್ಕಿ, ವಿಶ್ವಜಿತ್ ‘ಕಲೆ ಮಾಡಬಾರದು’ ಎಂದು ಚೀಟಿ ಅಂಟಿಸಿದ್ದ ಕಡೆಯಿಂದಲೇ ಹರಿದುಹೋಯಿತು. ಆಮೇಲೆ ಗದಿಗೆಮ್ಮ ದೀಪ ಹಚ್ಚಿ ಕಂದೀಲಿನ ಗಾಜಿನೊಳಗಿಟ್ಟು, ಗಂಡಹೆಂಡಿರನ್ನು ಮುಂದೆ ಕೂಡಿಸಿಕೊಂಡು ಹೇಳಿದರು.

“ಐದ ದಿನಾ ದೀಪ ಆರಬಾರದು. ಐದ ದಿನಾ ಮನಿಗೆ ಬೀಗ ಬೀಳಬಾರದು. ನಿಮ್ಮಿಬ್ಬರೊಳಗ ಒಬ್ಬರರೆ ಹೊಸ್ತಿಲ ಒಳಗ ಇರಬೇಕು. ಬ್ಯಾರೆಯವರನ್ನ ಕುಂದರಿಸಿ ಹೋಗತೀನಂದ್ರ ನಡಿಯೂದಿಲ್ಲ. ಹೊಸ್ತಿಲಿಗೆ ಬಂದವರನ್ನ ಕುಂಕುಮ ಹಚ್ಚದ, ಕೈಯಾಗ ಏನರೆ ಇಡದ ಕಳಸಬಾರದು. ತಿಳೀತಿಲ್ಲೋ?”

“ಅಕ್ಕಾ, ನಾವು ತಿರಗಾಡಾಕ ಹೊಂಟೀವಿ…”

“ತಾರ್ನಾಕದ ಮನಿಗೆ ಹಾಲು ಉಕ್ಕಿಸಿದ ಮರುದಿವಸ ಬೀಗ ಹಾಕಿ ಬೀದರಕ ಮದವಿಗೆ ಹೋದ್ರಿ. ಏನಾತು?”

ಮೌನಪ್ಪ ತಲೆ ತಗ್ಗಿಸಿದ. “ಟಾಕಿ ಒಡೀತು.”

ಮಾಳಿಗೆಯ ಮೇಲಿನ ಆ ನೀರಿನ ಟಾಕಿ ಒಡೆದು ನನ್ನ ಮನೆಯಲ್ಲೂ ಮೊಣಕಾಲುದ್ದ ನೀರು ನಿಂತಿತ್ತು, ಆದ್ದರಿಂದ ನಾನೂ ತಲೆ ತಗ್ಗಿಸಿದೆ. ಐದು ದಿನವೆಂದರೆ ಮಂಗಳವಾರ ಮುಂಜಾನೆವರೆಗೆ. ಬುಧವಾರ ಗಾಡಿ ಮುಟ್ಟಿಸಬೇಕಾದರೆ ಸೋಮವಾರವೇ ಸಮುದ್ರ ಬಿಡಬೇಕು. ಲೆಕ್ಕ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ದಂಪತಿ ಸಮುದ್ರದ ದಂಡೆಗೆ ಹೋಗಬಹುದು, ಆದರೆ ಇಬ್ಬರೂ ಕೂಡಿ ಕೆಳಗೆ ಇಳಿಯುವಂತಿಲ್ಲ. ಶಾರದಾಬಾಯಿ ಕಂದೀಲು ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕುಳಿತರು. ಹಾಲು ಉಕ್ಕಿಸಿಕೊಂಡ ಮನೆ ಹತ್ತು ನಿಮಿಷದಲ್ಲಿ ನಾಲ್ಕು ನಿಂಬೆಹಣ್ಣು ಅರೆದು ಹಬ್ಸಿಗುಡ ದಾಟಿತು.

ಇನ್ನು ಮುಂದಿನದು ಶಾರದಾಬಾಯಿ ವಾಸಂತಿಗೆ ಹೇಳಿದ್ದು. ಮೌನಪ್ಪ ಹೇಳಿದ್ದೂ ಇದೆ, ಅದನ್ನು ನಾನು ಅರ್ಧಕ್ಕೆ ಇಳಿಸಿ ಬರೆದಿದ್ದೇನೆ.

ಮೊದಲ ತೊಡಕು ಪಟಾನ್‌ಚೆರುವಿನ ಹತ್ತಿರವೇ ಬಂತು. ಶಾರದಾಬಾಯಿಗೆ ಹಣ್ಣು ಕೊಳ್ಳಬೇಕಿತ್ತು. ಗಂಡ ಸ್ಟಿಯರಿಂಗ್ ಹಿಂದೆ ಇದ್ದಾನೆ. ಆದರೆ ಡ್ರೈವರ್ ಸೀಟು ಹೊಸ್ತಿಲ ಒಳಗೋ ಹೊರಗೋ? ಗಾಡಿ ಬದಿಗೆ ನಿಂತಿತು, ಕಾಚಿಗೂಡಕ್ಕೆ ಫೋನು ಹೋಯಿತು.

“ಸೀಟಿಂದ ಹಿಂದಕ ಬರಾಕ ಹಾದಿ ಐತೇನು?” ಗದಿಗೆಮ್ಮ ಕೇಳಿದರು.

“ಐತಿ, ನಡುವ ಪರದೆ ಅಷ್ಟ.”

“ಒಳಗ” ಎಂದು ತೀರ್ಪಾಯಿತು. ಮೌನಪ್ಪನಿಗೆ ಇದರಿಂದ ಬಹಳ ಧೈರ್ಯ ಬಂದು, ಹಣ್ಣಿನವನಿಗೂ ಕಿಟಕಿಯಿಂದಲೇ ಈ ತೀರ್ಪನ್ನು ವಿವರಿಸಿದ. ಹಣ್ಣಿನವನು ಕುತೂಹಲದಿಂದ ಹೊಸ್ತಿಲವರೆಗೆ ಬಂದು ಇಣುಕಿದ. ಬಂದನಲ್ಲ, ಅವನಿಗೂ ಕುಂಕುಮ, ಒಂದು ಶೇಂಗಾ ಹೋಳಿಗೆ.

ಜಹೀರಾಬಾದ್ ದಾಟಿ ಗಡಿಯ ಚೆಕ್‌ಪೋಸ್ಟಿನಲ್ಲಿ ಒಬ್ಬ ಅಧಿಕಾರಿ ಕೈ ಅಡ್ಡ ಹಾಕಿದ. ಒಳಗೆ ಎಷ್ಟು ಜನ, ಎಲ್ಲರೂ ಕೆಳಗಿಳಿಯಿರಿ ಎಂದು ತೆಲುಗಿನಲ್ಲಿ ಗದರಿದ. ಮೌನಪ್ಪ ಇಳಿದ. ಶಾರದಾಬಾಯಿ ಇಳಿಯಲಿಲ್ಲ.

“ಆಯಮ್ಮ ಯಾಕೆ ಇಳಿಯುವುದಿಲ್ಲ?”

“ಸಾರ್, ಅವರು ಇಳಿಯುವಂತಿಲ್ಲ.”

ಈ ಮಾತಿಗೆ ಚೆಕ್‌ಪೋಸ್ಟೇ ಎದ್ದು ನಿಂತಿತು. ಇಬ್ಬರು ಪೇದೆಗಳು ಓಡಿ ಬಂದರು. ಹಾಡುಹಗಲು, ಗಾಡಿಯೊಳಗೆ ತೊಡೆಯ ಮೇಲೆ ಉರಿಯುವ ಕಂದೀಲು ಇಟ್ಟುಕೊಂಡು ಒಬ್ಬ ಹೆಂಗಸು ಕುಳಿತಿದ್ದಾಳೆ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರು, ಗಂಡ ಅವಳನ್ನು ಇಳಿಸಲು ಒಪ್ಪುವುದಿಲ್ಲ. ಯಾರಿಗಾದರೂ ಏನೇನೋ ಅನ್ನಿಸಬಹುದು. ಅಧಿಕಾರಿ ಮೆಟ್ಟಿಲ ಹತ್ತಿರ ಬಂದು ಬಗ್ಗಿ, “ಅಮ್ಮಾ, ಹೆದರಬೇಡಿ, ಇವನು ನಿಮ್ಮನ್ನು ಕೂಡಿಹಾಕಿದ್ದಾನೆಯೇ?” ಎಂದು ಮೆಲ್ಲಗೆ ಕೇಳಿದ.

“ಇವರಾ?” ಶಾರದಾಬಾಯಿ ನಕ್ಕರು. “ಇವರನ್ನ ಕೂಡಿಹಾಕಿದವರು ಕಾಚಿಗೂಡದಾಗ ಅದಾರ್ರಿ.” ತೆಲುಗಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ಹಾಲು, ಹೊಸ್ತಿಲು, ಐದು ದಿನ. ಗ್ಯಾಸಿನ ನಳ ಮುಚ್ಚಿದ್ದನ್ನೂ ತೋರಿಸಿದರು.

ಅಧಿಕಾರಿ ಟೊಪ್ಪಿಗೆ ತೆಗೆದ. ಕಾಗದಪತ್ರ ನೋಡುವುದನ್ನೇ ಬಿಟ್ಟು, “ಐದು ದಿನ ಎಂದು ಯಾರು ಹೇಳಿದರು? ನಮ್ಮಲ್ಲಿ ಮೂರೇ ದಿನ” ಎಂದ. ಪೇದೆಯೊಬ್ಬ ತಮ್ಮಲ್ಲಿ ಹನ್ನೊಂದು ಎಂದ. ಅಧಿಕಾರಿ ಅಲ್ಲಿಯೇ ತನ್ನ ತಾಯಿಗೆ ಫೋನು ಹಚ್ಚಿದ. ಹಿಂದೆ ಲಾರಿಗಳು ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದರೂ ತಾಯಿ ನಿಧಾನವಾಗಿ ಯೋಚಿಸಿ, ಮನೆಯ ಹಿರಿಯರು ಎಷ್ಟು ಹೇಳುತ್ತಾರೋ ಅಷ್ಟೇ ಎಂದರಂತೆ. ಗಾಡಿ ಬಿಟ್ಟುಕೊಟ್ಟರು. ಚೆಕ್‌ಪೋಸ್ಟಿನ ಮೂವರೂ ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಹೋಳಿಗೆ ತಿನ್ನುತ್ತ ಮುಂದಿನ ಲಾರಿಗೆ ಕೈ ಅಡ್ಡ ಹಾಕಿದರು.

ಕಲಬುರಗಿಯಲ್ಲಿ ಮೌನಪ್ಪನ ಚಿಕ್ಕಪ್ಪನ ಮಗ ಅಂಬಾದಾಸ ಇದ್ದಾನೆ. ಊರ ಮುಂದಿನಿಂದ ಹೋಗಿ ಮನೆಗೆ ಬರಲಿಲ್ಲವೆಂದರೆ ನಮ್ಮ ಕಡೆ ಅದು ಮೂರು ತಲೆಮಾರು ನೆನಪಿಡುವ ಅಪರಾಧ. ಗಾಡಿ ಅವನ ಬಾಗಿಲಿಗೆ ನಿಂತಿತು. ಅಂಬಾದಾಸನೂ ಅವನ ಹೆಂಡತಿ ಸಪ್ನಾಳೂ ಆರತಿ ತಂದರು.

“ಅಣ್ಣಾ, ವೈನಿ, ಇಳದ ಬರ್ರಿ.”

“ಒಬ್ಬರು ಬರತೀವಿ” ಎಂದ ಮೌನಪ್ಪ.

“ಯಾಕ, ಜಗಳ ಆಡೀರೇನು?” ಸಪ್ನಾ ಗಾಬರಿಯಿಂದ ಕೇಳಿದಳು.

ವಿಷಯ ತಿಳಿದ ಮೇಲೆ ಅವರಿಗೆ ಇನ್ನೊಂದು ವಿಷಯ ಹೊಳೆಯಿತು. ಇದು ಗೃಹಪ್ರವೇಶವಾದರೆ ಆಯೇರಿ ಮಾಡಬೇಕು. ನೆಂಟರ ಹೊಸ ಮನೆಗೆ ಬರಿಗೈಯಲ್ಲಿ ಹೋಗುವವರು ಯಾರು? ಅಂಬಾದಾಸ ಓಣಿಯ ಬೀಗರಿಗೆಲ್ಲ ಹೇಳಿಕಳಿಸಿದ. ಸಂಜೆಯೊಳಗೆ ಗಾಡಿಯ ಮುಂದೆ ಜಮಖಾನೆ ಬಿತ್ತು. ಒಳಗಿದ್ದವರು ಒಳಗೇ, ಬಂದವರು ಹೊರಗೆ ಸಾಲಾಗಿ ನಿಂತು ಕಿಟಕಿಯಿಂದ ಆಯೇರಿ ಕೊಟ್ಟರು. ಏಳು ಸೀರೆ, ಮೂರು ಗೋಡೆ ಗಡಿಯಾರ, ಎರಡು ಸ್ಟೀಲಿನ ಕೊಡ. ಅಂಬಾದಾಸನ ಮಾವ ಒಂದು ಸೀಲಿಂಗ್ ಫ್ಯಾನು ತಂದಿದ್ದರು. ಮೌನಪ್ಪ ಗಾಡಿಯ ಮಾಳಿಗೆಯನ್ನೂ ಫ್ಯಾನನ್ನೂ ಒಂದಾದ ಮೇಲೊಂದು ನೋಡಿ, “ಭಾಳ ಉಪಯೋಗ ಆಗತೈತ್ರಿ” ಎಂದ. ಆ ದಿನ ಸೀಲಿಂಗ್ ಫ್ಯಾನಿನ ಪೆಟ್ಟಿಗೆಗೆ ಮಂಚದ ಮೇಲೆ ಜಾಗ ಮಾಡಿಕೊಟ್ಟು ಮೌನಪ್ಪ ನೆಲದ ಮೇಲೆ ಮಲಗಿದ.

ಹುಬ್ಬಳ್ಳಿಯಲ್ಲಿ ಶಾರದಾಬಾಯಿಯ ಮಾವಶಿ, ಎಂದರೆ ಚಿಕ್ಕಮ್ಮ, ರೇಣುಕಾ ಇದ್ದರು. ಅಲ್ಲಿಗೆ ಸುದ್ದಿ ಗಾಡಿಗಿಂತ ಮೊದಲೇ ಹೋಗಿತ್ತು. ಗಡಿಯಾರಗಳು ಐದಾದವು. ಅವೆಲ್ಲ ಬೇರೆ ಬೇರೆ ಹೊತ್ತು ತೋರಿಸುತ್ತ ಯಲ್ಲಾಪುರದ ಘಟ್ಟದುದ್ದಕ್ಕೂ ಟಿಕ್ ಟಿಕ್ ಎನ್ನುತ್ತಿದ್ದವಂತೆ. ಘಟ್ಟ ಇಳಿಯುವಾಗ ಕೊಡ ಉರುಳಿ, ಫ್ಯಾನು ಜಾರಿ, ಕಂದೀಲು ಹಿಡಿದ ಶಾರದಾಬಾಯಿ ಮಾತ್ರ ಅಲುಗಾಡದೆ ಕುಳಿತಿದ್ದರು. ಅವರ ಕಣ್ಣು ಕಿಟಕಿಯಾಚೆ ಇತ್ತು. ಮರ ಬದಲಾದವು, ಗಾಳಿ ಬದಲಾಯಿತು, ಬೆವರು ಕೂಡ ಬದಲಾಯಿತು. “ಗಾಳಿ ಉಪ್ಪುಪ್ಪು ಹತ್ತಾಕತ್ತೈತ್ರಿ” ಎಂದು ಅವರೆಂದಾಗ ಮೌನಪ್ಪ, “ಕಣ್ಣ ಮುಚ್ಚಿಕೋ, ರಸ್ತೆದಿಂದನ ಕಂಡೀತು” ಎಂದ. ಅವರು ಕಣ್ಣು ಮುಚ್ಚಿಕೊಂಡರು. ಗಾಡಿ ಓಡಿಸುವವನು ಕಣ್ಣು ಮುಚ್ಚುವಂತಿರಲಿಲ್ಲ, ಅದಕ್ಕೆ ಬಲಗಡೆಯ ಕಿಟಕಿಗೆ ಆಯೇರಿಯ ಸೀರೆಯೊಂದನ್ನು ಕಟ್ಟಿಕೊಂಡ.

ಅಂಕೋಲೆಯ ಆಚೆ ಒಂದು ಚಿಕ್ಕ ಕಡಲತೀರ. ಗಾಳಿಮರದ ತೋಪಿನಲ್ಲಿ ಗಾಡಿ ನಿಲ್ಲಿಸುವ ಜಾಗವಿತ್ತು. ಎದುರಿಗೆ ಮರಳಿನ ದಿಬ್ಬ, ದಿಬ್ಬದಾಚೆ ಸಮುದ್ರ. ಕಾಣುವುದಿಲ್ಲ, ಕೇಳುತ್ತದೆ. ಶನಿವಾರ ಮಧ್ಯಾಹ್ನ ಅಲ್ಲಿ ಮುಟ್ಟಿದ ದಂಪತಿ ಒಳಗೆ ಕುಳಿತು ಸಮುದ್ರವನ್ನು ಕೇಳಿದರು.

“ಭಾಳ ದೊಡ್ಡದಿರಬೇಕ್ರಿ” ಎಂದರು ಶಾರದಾಬಾಯಿ. “ಉಸರಾಡಿದಂಗ ಕೇಳತೈತಿ.”

“ನೀ ಹೋಗಿ ಬಾ. ನಾ ಒಳಗ ಕುಂದರತೀನಿ.”

“ಒಲ್ಲೆ.”

“ಹಂಗಾದ್ರ ಇಬ್ಬರೂ ಹೋಗೂಣು, ಎರಡ ನಿಮಿಷ. ಅಕ್ಕಗ ಯಾರ ಹೇಳತಾರ?”

ಶಾರದಾಬಾಯಿ ಕಂದೀಲಿಗೆ ಎಣ್ಣೆ ಹಾಕುತ್ತ ಗಂಡನ ಮುಖ ನೋಡಿದರು. “ನೀವ ಹೇಳತೀರಿ. ಹೊಟ್ಯಾಗ ಇಟ್ಟುಕೊಳ್ಳಾಕ ನಿಮಗ ಬರೂದಿಲ್ಲ.”

ಇದೂ ನಿಜವಾದ್ದರಿಂದ ಮೌನಪ್ಪ ಚಹಾ ತರಲು ಎದ್ದ. ಚಹಾದಂಗಡಿ ದಿಬ್ಬದ ಮೇಲೇ ಇತ್ತು. ಅಲ್ಲಿಗೆ ಹೋಗಿಬರಲು ಅವನು ಒಂದು ಉಪಾಯ ಮಾಡಿದ. ಕೊಡೆ ಬಿಚ್ಚಿ ಸಮುದ್ರದ ಕಡೆಗೆ ಅಡ್ಡ ಹಿಡಿದುಕೊಂಡು, ಏಡಿಯ ಹಾಗೆ ಪಕ್ಕಕ್ಕೆ ನಡೆದು ಹೋಗುವುದು, ಚಹಾ ತೆಗೆದುಕೊಂಡು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿ ತಿರುಗಿ ಬರುವುದು. ಅಂಗಡಿಯಾಕೆ ಸ್ನೇಹಲತಾ. ಮಳೆಯಿಲ್ಲ, ಬಿಸಿಲೂ ಹಿಂದಿನಿಂದ ಬೀಳುತ್ತಿದೆ, ಈ ಮನುಷ್ಯ ಕೊಡೆ ಹಿಡಿದು ಕಡಲಿಗೆ ಮರೆಯಾಗಿ ಓಡಾಡುತ್ತಾನೆ. ನಾಲ್ಕನೆಯ ಸಲ ಬಂದಾಗ ಆಕೆಗೆ ತಡೆಯಲಿಲ್ಲ.

“ಎಂತ ಮಾರಾಯ್ರೆ, ಕಡಲಿನ ಹತ್ರ ಎಂತದಾದ್ರೂ ಸಿಟ್ಟುಂಟಾ?”

ಮೌನಪ್ಪ ಕೊಡೆಯ ಮರೆಯಿಂದಲೇ ಇಡೀ ಕಥೆ ಹೇಳಿದ. ತಾರ್ನಾಕದಿಂದ ಶುರುಮಾಡಿದನಾದ್ದರಿಂದ ನನ್ನ ಬಾಲ್ಕನಿಯೂ ಅದರಲ್ಲಿ ಬಂತಂತೆ. ಕೇಳುತ್ತ ಕೇಳುತ್ತ ಮೀನುಗಾರರು ಬಲೆ ಬಿಟ್ಟು ಸುತ್ತ ಕೂತರು. ಭಾನುವಾರ ಮುಂಜಾನೆಯ ಹೊತ್ತಿಗೆ ತೀರದಲ್ಲೆಲ್ಲ ಅದೇ ಮಾತು: ಘಟ್ಟದ ಮೇಲಿನಿಂದ ಒಬ್ಬ ಗಂಡ ಹೆಂಡತಿ ಬಂದಿದ್ದಾರೆ, ಕಡಲು ನೋಡಲು ಬಂದು ಕಡಲು ನೋಡುತ್ತಿಲ್ಲ. ಜನ ನೋಡಲು ಬಂದರು. ಬಂದವರಿಗೆಲ್ಲ ಕುಂಕುಮ. ಹೋಳಿಗೆ ತೀರಿತು, ಸಕ್ಕರೆ ಕೊಟ್ಟರು, ಸಕ್ಕರೆಯೂ ತೀರಿತು. ಕೊನೆಗೆ ಗಡಿಯಾರಗಳನ್ನು ಕೊಟ್ಟರು. ಐದು ಮನೆಯವರು ಖುಷಿಯಿಂದ ತೆಗೆದುಕೊಂಡು ಹೋದರು.

ಮಧ್ಯಾಹ್ನ ಜನವೆಲ್ಲ ಊಟಕ್ಕೆ ಹೋದಾಗ ಶಾರದಾಬಾಯಿ ಕೇಳಿದರು. “ನೀವು ಮುಂಬೈಯೊಳಗ ನೋಡೀರಲ್ಲ, ಹೆಂಗಿರತೈತ್ರಿ ಅದು? ಖರೆ ಹೇಳ್ರಿ. ನಾಳೆ ಹೊಂಟೇ ಬಿಡತೀವಿ.”

ಮುಂಬೈ ಸಮುದ್ರದ ವರ್ಣನೆ ನಮ್ಮ ಕಟ್ಟಡದಲ್ಲಿ ಕೇಳದವರಿಲ್ಲ. ಕಾರ್ಖಾನೆಯ ಕೆಲಸಕ್ಕೆ ಎರಡು ದಿನ ಹೋಗಿದ್ದ ಮೌನಪ್ಪ ಮೂವತ್ತು ವರ್ಷ ಅದನ್ನೇ ಹೇಳಿದ್ದಾನೆ. ಅಲೆಯ ಎತ್ತರ ವರ್ಷಕ್ಕೆ ಒಂದಡಿ ಬೆಳೆದಿದೆ. ಈಗ ಮಾತ್ರ ಬೇರೆ ಮಾತು ಬಂತು.

“ನಾನೂ ನೋಡಿಲ್ಲ ಶಾರದಾ.”

“ಆಂ?”

“ಅರ್ಧಾ ಮೈಲಿ ಇತ್ತು. ಜೋಡಿ ಬಂದವರೆಲ್ಲ ಹೋದ್ರು. ನಿನಗ ಮಾತ ಕೊಟ್ಟಿದ್ನಲ್ಲ, ಕೂಡೇ ನೋಡೂಣಂತ. ಲಾಡ್ಜಿನಾಗ ಕುಂತಿದ್ದೆ.”

“ಮತ್ತ ಇಷ್ಟ ವರ್ಷ ಹೇಳಿದ್ದು?”

“ಲಾಡ್ಜಿನ ಗ್ವಾಡಿಗೆ ಕ್ಯಾಲೆಂಡರ ಇತ್ತು. ಅದನ್ನ ನೋಡಿ.”

ಶಾರದಾಬಾಯಿ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ಮತ್ತೆ ನಕ್ಕರು. ಇದನ್ನು ವಾಸಂತಿಗೆ ಹೇಳುವಾಗಲೂ ಅವರು ಹಾಗೆಯೇ ಮಾಡಿದರು. ನನಗೆ ಮೌನಪ್ಪನ ಮೇಲೆ ಇದ್ದ ಹೊಟ್ಟೆಕಿಚ್ಚು ಆ ಜಾಗದಲ್ಲಿ ಸ್ವಲ್ಪ ಕಡಿಮೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನಾಲ್ಕು ಗಂಟೆಗೆ ಸ್ನೇಹಲತಾ ಬಂದಳು. ಹಿಂದೆ ಎಂಟು ಹತ್ತು ಮೀನುಗಾರರು, ಅವರ ಹಿಂದೆ ದೋಣಿ ಎಳೆಯುವ ಟ್ರ್ಯಾಕ್ಟರು.

“ಅಮ್ಮಾ, ನೀವು ಮನೆ ಬಿಟ್ಟು ಕಡಲಿಗೆ ಬರೂಕಾಗುದಿಲ್ಲ, ಸರಿ. ಮನೆಗೆ ಗಾಲಿ ಉಂಟಲ್ಲ?”

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ತೂಕದ ಯಂತ್ರದಲ್ಲಿ ಗುಲಗಂಜಿ ಹಿಡಿಯುವವನಿಗೆ, ಮೂರು ದಿನ ಅದೇ ಗಾಲಿಗಳ ಮೇಲೆ ಕುಳಿತು ಬಂದವನಿಗೆ, ಇದು ಹೊಳೆದಿರಲಿಲ್ಲ. ಮನೆ ಎಂದು ಒಪ್ಪಿದ ಮೇಲೆ ಅದು ಮನೆಯೇ ಆಗಿಬಿಟ್ಟಿತ್ತು.

ಆಗ ಇಳಿತದ ಹೊತ್ತು. ಒದ್ದೆ ಮರಳು ಗಟ್ಟಿಯಾಗಿತ್ತು. ದೋಣಿ ಜಾರಿಸುವ ಹಲಗೆಗಳನ್ನು ಗಾಲಿಗಳ ಕೆಳಗೆ ಹಾಸಿ, ಹಿಂದಿನಿಂದ ಟ್ರ್ಯಾಕ್ಟರಿನ ಹಗ್ಗ ಬಿಗಿದು, ದೋಣಿ ಇಳಿಸುವಾಗಿನ ಕೂಗನ್ನೇ ಹಾಕುತ್ತ ಅವರು ಮನೆಯನ್ನು ದಿಬ್ಬದ ಸಂದಿನಿಂದ ಇಳಿಸಿದರು. ತೋರಣ ಕಟ್ಟಿದ ಬಾಗಿಲು ಸಮುದ್ರದ ಕಡೆಗೆ ತಿರುಗುವಂತೆ ನಿಲ್ಲಿಸಿದರು. ಒಳಗೆ ಇಬ್ಬರೂ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

“ತೆಗೀಲೇನ್ರಿ?”

“ಒಂದು, ಎರಡು…”

ಬಾಗಿಲು ತೆಗೆದರು. ಎದುರಿಗೆ ಅಷ್ಟೂ ಸಮುದ್ರ. ನಡುವೆ ಟ್ಯಾಂಕಿಲ್ಲ, ಗ್ರಿಲ್ಲಿಲ್ಲ. ಮೌನಪ್ಪ ಏನೂ ಅನ್ನಲಿಲ್ಲ. ಇದನ್ನು ನಾನು ನಂಬಿರಲಿಲ್ಲ, ಆದರೆ ಸ್ನೇಹಲತಾಳ ಫೋನಿನಲ್ಲಿ ತೆಗೆದ ವಿಡಿಯೋ ಇದೆ, ಅದರಲ್ಲಿ ಎರಡೂವರೆ ನಿಮಿಷ ಅವನ ಬಾಯಿ ಮುಚ್ಚಿದೆ. ಇಬ್ಬರೂ ಕೈ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತರು, ಕಾಲು ಇಳಿಬಿಟ್ಟು. ಮೈ ಒಳಗೆ, ಕಾಲು ಹೊರಗೆ. ಇದು ನಡೆಯುತ್ತದೆಯೋ ಇಲ್ಲವೋ ಎಂದು ಯಾರೂ ಕಾಚಿಗೂಡಕ್ಕೆ ಕೇಳಲಿಲ್ಲ.

ಇಳಿತ ಮುಗಿದು ಭರತ ಏರತೊಡಗಿತು. ಒಂದು ಅಲೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಇನ್ನೊಂದು ಐದು ಹೆಜ್ಜೆ. ಮೂರನೆಯದು ನಾಲ್ಕು ಪಾದಗಳನ್ನೂ ಒಟ್ಟಿಗೆ ತೋಯಿಸಿತು. ಶಾರದಾಬಾಯಿ ಚಿಕ್ಕ ಹುಡುಗಿಯ ಹಾಗೆ ಕಿರುಚಿದರು. ಅದರ ಹಿಂದಿನದು ಇನ್ನೂ ದೊಡ್ಡದು, ಮೆಟ್ಟಿಲು ಹತ್ತಿ, ಹೊಸ್ತಿಲ ಕುಂಕುಮ ತೊಳೆದು, ಒಳಗೆ ಮಂಚದವರೆಗೆ ಹೋಗಿ ಸೀಲಿಂಗ್ ಫ್ಯಾನಿನ ಪೆಟ್ಟಿಗೆ ಮುಟ್ಟಿ ತಿರುಗಿ ಬಂತು. ಕಂದೀಲು ಗೂಟಕ್ಕೆ ತೂಗಿದ್ದರಿಂದ ಉಳಿಯಿತು. ಟ್ರ್ಯಾಕ್ಟರಿನವರು ಹಗ್ಗ ಬಿಗಿ ಮಾಡಿ, “ಎಳಿಯೂದಾ?” ಎಂದು ಕೂಗಿದರು.

“ತಡೀರಿ” ಎಂದು ಮೌನಪ್ಪ ಫೋನು ಹಚ್ಚಿದ. “ಅಕ್ಕಾ, ಸಮುದ್ರ ಮನಿಯೊಳಗ ಬಂತು!”

ಗದಿಗೆಮ್ಮ ಸ್ವಲ್ಪವೂ ಗಾಬರಿಯಾಗಲಿಲ್ಲ. “ಹೊಸ್ತಿಲ ದಾಟಿ ಬಂತೇನು?”

“ಹೂಂ.”

“ಮತ್ತ ನೋಡಕೋತ ಏನ್ ನಿಂತೀಯೋ? ಬಂದವರಿಗೆ ಕುಂಕುಮ ಹಚ್ಚಿ, ಕೈಯಾಗ ಏನರೆ ಇಟ್ಟು ಕಳಸ್ರಿ.”

ಶಾರದಾಬಾಯಿ ಎದ್ದರು. ಆಯೇರಿಯ ಸೀರೆಗಳಲ್ಲಿ ಚೆಲುವಾದದ್ದೊಂದರ ಕುಬುಸದ ಕಣ ಕತ್ತರಿಸಿ, ಅದರ ಮೇಲೆ ಉಳಿದಿದ್ದ ಒಂದೇ ತೆಂಗಿನಕಾಯಿ, ಎಲೆ, ಅಡಿಕೆ ಇಟ್ಟು ಹೊಸ್ತಿಲಲ್ಲಿ ಕುಳಿತು ಕಾದರು. ಅಲೆ ಬಂತು. ಬೊಟ್ಟಿನಲ್ಲಿ ಕುಂಕುಮ ತೆಗೆದು ನೀರಿಗೆ ಹಚ್ಚಿದರು, ಉಡಿ ತುಂಬಿದರು. “ಹೋಗಿ ಬರ್ರೆವ್ವಾ” ಎಂದರು. ಅಲೆ ಎಲ್ಲವನ್ನೂ ತೆಗೆದುಕೊಂಡು ಹೋಯಿತು. ಟ್ರ್ಯಾಕ್ಟರು ಮನೆಯನ್ನು ಎಳೆದುಕೊಂಡಿತು.

ಬುಧವಾರ ಸಂಜೆ ಗಾಡಿ ತಾರ್ನಾಕಕ್ಕೆ ಬಂತು. ವಿಶ್ವಜಿತ್ ನಾಚಾರಂನಿಂದ ತಾನೇ ಬಂದು ಕಾದಿದ್ದ. ಒಳಗಿನ ಹಾಲಿನ ಕಲೆ, ಅರಿಶಿನ, ಮರಳು, ನೆನೆದ ಫ್ಯಾನು ನೋಡಿ ಅವನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಆಟೋದಿಂದ ಗದಿಗೆಮ್ಮ ಇಳಿದರು. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಗದಿಗೆಮ್ಮ ಯಾರನ್ನೂ ಮಾತಾಡಿಸದೆ ನೇರ ಹೊಸ್ತಿಲಿಗೆ ಹೋದರು. ಅಲ್ಯೂಮಿನಿಯಂ ಪಟ್ಟಿಯ ಮೇಲೆ ನೀರು ಒಣಗಿ ಬಿಳಿ ಗೆರೆಯೊಂದು ನಿಂತಿತ್ತು. ಬಗ್ಗಿ ನೋಡಿದರು. ಬೆರಳಿನಿಂದ ಅದನ್ನು ತೀಡಿ, ನಾಲಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಎಪ್ಪತ್ತನಾಲ್ಕು ವರ್ಷದಲ್ಲಿ ಅವರು ಎಲ್ಲದರ ಮೇಲೂ ತೀರ್ಪು ಕೊಟ್ಟಿದ್ದರು, ಆದರೆ ಕಾಚಿಗೂಡದಿಂದ ಯಾದಗಿರಿ, ಯಾದಗಿರಿಯಿಂದ ಕಾಚಿಗೂಡ, ಅದರಾಚೆ ಹೋದವರಲ್ಲ. ಆ ಮಾತು ನಮಗೆ ಯಾರಿಗೂ ಅಲ್ಲಿಯವರೆಗೆ ನೆನಪಾಗಿರಲಿಲ್ಲ.

“ಉಪ್ಪೈತಿ” ಎಂದರು. “ಬಂದು ಹೋಗಿದ್ದು ಖರೆ.”

“ಹೌದಕ್ಕಾ” ಎಂದ ಮೌನಪ್ಪ.

ಗದಿಗೆಮ್ಮ ಮೆಟ್ಟಿಲ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡರು. “ಅವರು ನಮ್ಮ ಮನಿಗೆ ಬಂದು, ಉಡಿ ತುಂಬಿಸಿಕೊಂಡು ಹೋಗ್ಯಾರಂದ್ರ, ನಾವೂ ಒಮ್ಮೆ ಅವರ ಮನಿಗೆ ಹೋಗಿ ಬರಬೇಕಲ್ಲಪಾ. ಇಲ್ಲಂದ್ರ ಛಲೋ ಕಾಣಸೂದಿಲ್ಲ. ಯಾವಾಗ ಹೊರಡೂಣು?”